ಪ್ರಾರ್ಥನೆ ಕಲಿಸಲು ನಿಂತವಳಿಗೇ ಪ್ರಾರ್ಥನೆ ಬರುವುದಿಲ್ಲವೆಂದು ಗೊತ್ತಾದಾಗ

ಭಾನುವಾರ ಶಾಲೆಯ ಶಿಕ್ಷಕಿ, ಧಾರವಾಡ:

ಎಲ್ಲರಿಗೂ ವಂದನೆಗಳು. ನಮ್ಮ ಕ್ರೈಸ್ತ ಸಭೆಯ ಭಾನುವಾರ ಶಾಲೆಯಲ್ಲಿ 9ರಿಂದ 13 ವರ್ಷದೊಳಗಿನ 12 ಮಕ್ಕಳ ತರಗತಿ ಕಳೆದ ಜೂನ್‌ನಿಂದ ನನ್ನ ಪಾಲಿಗೆ ಬಂದಿದೆ. ಈ ವರ್ಷ ಮಕ್ಕಳಿಗೆ ಪ್ರಾರ್ಥನೆ ಮಾಡುವುದನ್ನು ಕಲಿಸಬೇಕೆಂದು ಸಭಾಪಾಲಕರು ಹೇಳಿದಾಗ ಅದು ಸುಲಭದ ಕೆಲಸವೆಂದೇ ಒಪ್ಪಿಕೊಂಡೆ. ಯೇಸು ತನ್ನ ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆ ಮಕ್ಕಳಿಗೆ ಆಗಲೇ ಬಾಯಿಪಾಠವಿತ್ತು. ಉಳಿದದ್ದು ಸ್ವಂತ ಮಾತಿನಲ್ಲಿ ನಾಲ್ಕು ವಾಕ್ಯ ಹೇಳಿಸುವುದಷ್ಟೇ ಎಂದುಕೊಂಡಿದ್ದೆ.

ಮೊದಲ ವಾರ ಕರ್ತನ ಪ್ರಾರ್ಥನೆಯನ್ನು ಹೇಳಿಸಿದೆ. ಮಗ್ಗಿ ಒಪ್ಪಿಸುವಂತೆ ಒಂದೇ ಉಸಿರಿನಲ್ಲಿ ಮುಗಿಸಿದರು. ನಿಧಾನವಾಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳೋಣವೆಂದು ಮತ್ತೆ ಆರಂಭಿಸಿದಾಗ ಒಬ್ಬ ಹುಡುಗಿ, "ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ ಅಂದರೆ ದೇವರ ಹೆಸರನ್ನು ಯಾರು ಎಣಿಸುತ್ತಾರೆ ಟೀಚರ್? ಎಷ್ಟು ಹೆಸರಿವೆ?" ಎಂದು ಕೇಳಿದಳು. ಅವಳ ಪಕ್ಕದವನು ಅಷ್ಟಕ್ಕೇ ಬಿಡದೆ, ಶೋಧನೆ ಎಂದರೆ ಪೊಲೀಸರು ಬಂದು ಮನೆ ಹುಡುಕುವುದೇ ಎಂದು ವಿಚಾರಿಸಿದ. ನನಗೆ 41 ವರ್ಷ. ಬುದ್ಧಿ ಬಂದಾಗಿನಿಂದ ದಿನವೂ ಹೇಳುತ್ತಿರುವ ಪ್ರಾರ್ಥನೆಯಲ್ಲಿ ಈ ಎರಡು ಪದಗಳ ಬಳಿ ನಾನು ಒಮ್ಮೆಯೂ ನಿಂತು ನೋಡಿರಲಿಲ್ಲ. ಮುಂದಿನ ವಾರ ಹೇಳುತ್ತೇನೆಂದು ತಪ್ಪಿಸಿಕೊಂಡೆ.

ಎರಡನೆಯ ವಾರ ಇನ್ನೂ ಕಷ್ಟವಾಯಿತು. ಪ್ರತಿಯೊಬ್ಬರೂ ತಮ್ಮ ಮಾತಿನಲ್ಲೇ ಪ್ರಾರ್ಥಿಸಬೇಕೆಂದೆ. ಹನ್ನೊಂದು ಮಕ್ಕಳು "ಈ ಸುಂದರವಾದ ವೇಳೆಗಾಗಿ ಸ್ತೋತ್ರ ಮಾಡುತ್ತೇವೆ ಕರ್ತನೇ" ಎಂದು ಆರಂಭಿಸಿ "ಅಲ್ಪ ಪ್ರಾರ್ಥನೆಯನ್ನು ಆಲಿಸು" ಎಂದು ಮುಗಿಸಿದರು. ಅವು ನನ್ನ ವಾಕ್ಯಗಳು. ನಡುವೆ ನಾನು ಉಸಿರು ತೆಗೆದುಕೊಳ್ಳುವ ಜಾಗದಲ್ಲೇ ಅವರೂ ಉಸಿರು ತೆಗೆದುಕೊಂಡರು. ಹನ್ನೆರಡನೆಯವನು, ಒಂಬತ್ತು ವರ್ಷದ ಹುಡುಗ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು "ನನ್ನ ಮೊಣಕಾಲಿನ ನೋವನ್ನು ಗುಣಪಡಿಸು, ಈ ವರ್ಷ ಮೆಟ್ಟಿಲು ಹತ್ತುವುದಕ್ಕೆ ಶಕ್ತಿ ಕೊಡು" ಎಂದು ಬೇಡಿಕೊಂಡ. ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ವಿಚಾರಿಸಿದರೆ ಅದು ಅವನ ಅಜ್ಜಿಯ ಪ್ರಾರ್ಥನೆಯಾಗಿತ್ತು.

ಆ ರಾತ್ರಿ ನಾನು ಪ್ರಾರ್ಥನೆಗೆ ಕುಳಿತಾಗ ಬಾಯಿಗೆ ಮೊದಲು ಬಂದದ್ದು "ಈ ಸುಂದರವಾದ ವೇಳೆಗಾಗಿ" ಎಂಬುದೇ. ಅಂದು ವೇಳೆ ಸುಂದರವಾಗೇನೂ ಇರಲಿಲ್ಲ, ಮನೆಯಲ್ಲಿ ಜಗಳವಾಗಿತ್ತು. ಮುಂದೆ ಹೇಳಲಾಗದೆ ಸುಮ್ಮನೆ ಕುಳಿತೆ. ತನಗೇ ಬಾರದಿರುವುದನ್ನು ಕಲಿಸುವವರು ಏನು ಮಾಡಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ನಿವೃತ್ತ ಸಭಾಪಾಲಕ, ಬಳ್ಳಾರಿ:

ಸಹೋದರಿ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ಸೋತಿರೆಂದು ಬರೆದಿರುವ ಎರಡು ಭಾನುವಾರಗಳಲ್ಲಿ ಎಷ್ಟು ಪಾಠ ನಡೆದಿದೆಯೋ ನನ್ನ 34 ವರ್ಷಗಳ ಸೇವೆಯ ಎಷ್ಟೋ ದೃಢೀಕರಣ ತರಗತಿಗಳಲ್ಲಿ (ಸಭೆಯ ಪೂರ್ಣ ಸದಸ್ಯರಾಗುವವರಿಗೆ ನಡೆಸುವ ಪಾಠಗಳಲ್ಲಿ) ಅಷ್ಟು ನಡೆದಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಸತ್ಯವೇದದ, ಅಂದರೆ ಬೈಬಲಿನ, ಲೂಕ 11ನೆಯ ಅಧ್ಯಾಯದ ಆರಂಭವನ್ನು ಗಮನಿಸಿ. ಯೇಸು ಒಂದು ಸ್ಥಳದಲ್ಲಿ ಪ್ರಾರ್ಥಿಸುತ್ತಿದ್ದಾನೆ. ಮುಗಿದ ಮೇಲೆ ಶಿಷ್ಯರಲ್ಲಿ ಒಬ್ಬನು, ಯೋಹಾನನು ತನ್ನ ಶಿಷ್ಯರಿಗೆ ಕಲಿಸಿದಂತೆ ನಮಗೂ ಪ್ರಾರ್ಥನೆಯನ್ನು ಕಲಿಸು ಎಂದು ಕೇಳುತ್ತಾನೆ. ಕೇಳಿದವರು ಚಿಕ್ಕಂದಿನಿಂದ ಕೀರ್ತನೆಗಳನ್ನು ಹೇಳಿಕೊಂಡು ಬೆಳೆದ ಯೆಹೂದ್ಯರು. ಪ್ರಾರ್ಥನೆಯ ಮಾತುಗಳು ಅವರಿಗೆ ಹೊಸವಲ್ಲ. ಆದರೂ ತಮ್ಮ ಗುರು ಪ್ರಾರ್ಥಿಸುವುದನ್ನು ನೋಡಿದ ಮೇಲೆ, ತಾವು ಇದುವರೆಗೆ ಮಾಡುತ್ತಿದ್ದದ್ದು ಸಾಲದೆಂದು ಅವರಿಗೆ ಅನಿಸಿತು. ಪಾಠಕ್ಕಿಂತ ಮುಂಚೆ ನೋಟ ಬಂತು. ನಿಮ್ಮ ಹನ್ನೆರಡು ಮಕ್ಕಳಲ್ಲಿ ಹನ್ನೊಂದು ಮಂದಿ ನಿಮ್ಮ ವಾಕ್ಯಗಳನ್ನು ಕಲಿತರು, ಒಬ್ಬ ಮಾತ್ರ ಯಾರೋ ನಿಜವಾಗಿ ಪ್ರಾರ್ಥಿಸುವುದನ್ನು ಪಕ್ಕದಲ್ಲಿ ಕುಳಿತು ಕೇಳಿದ್ದಾನೆ. ಮೊಣಕಾಲು ಯಾರದ್ದಾದರೇನು, ಆ ನೋವು ನಿಜವಾದದ್ದು. ಅವನ ಅಜ್ಜಿಯನ್ನು ಒಮ್ಮೆ ಭೇಟಿಯಾಗಿರೆಂಬುದು ನನ್ನ ಮೊದಲ ಸಲಹೆ.

ಇನ್ನು ಪದಗಳ ವಿಷಯ. ನಮ್ಮ ಸತ್ಯವೇದದ ಕನ್ನಡಕ್ಕೆ ಒಂದು ಚರಿತ್ರೆಯಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಈ ನಮ್ಮ ಬಳ್ಳಾರಿಗೆ ಬಂದರು. ಅವರ ಮತ್ತು ಸಂಗಡಿಗರ ದುಡಿಮೆಯಿಂದ ಇಡೀ ಸತ್ಯವೇದ 1831ರಲ್ಲಿ ಕನ್ನಡದಲ್ಲಿ ದೊರೆಯಿತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ನಿಮ್ಮ ಧಾರವಾಡಕ್ಕೂ ಬಂದರು. ಮುಂದೆ ಅನುವಾದವು ಹಲವು ಸಲ ಪರಿಷ್ಕಾರಗೊಂಡರೂ "ಎಣಿಸಲ್ಪಡಲಿ"ಯಂಥ ಕರ್ಮಣಿ ಪ್ರಯೋಗಗಳು ಉಳಿದುಕೊಂಡವು. ಯಾವ ಕನ್ನಡಿಗನೂ ಮನೆಯಲ್ಲಿ ಹಾಗೆ ಮಾತನಾಡುವುದಿಲ್ಲ. ಆದರೆ ಗ್ರೀಕ್ ಮೂಲದಲ್ಲಿ ಕ್ರಿಯೆ ಹಾಗೆಯೇ ಇದೆ, ಮಾಡುವವರು ಯಾರೆಂದು ಹೇಳದೆ ಬಿಟ್ಟಿದೆ. ದೇವರು ತಾನೇ ತನ್ನ ನಾಮವನ್ನು ಪರಿಶುದ್ಧವೆಂದು ತೋರಿಸಲಿ ಎಂಬ ಅರ್ಥವೂ ಅದರಲ್ಲಿದೆ, ನಮ್ಮ ನಡತೆಯಿಂದ ಆ ನಾಮಕ್ಕೆ ಕಳಂಕ ಬಾರದಿರಲಿ ಎಂಬುದೂ ಇದೆ. ಶೋಧನೆಯೆಂದರೆ ಪಾಪದ ಕಡೆಗೆ ಸೆಳೆಯುವ ಪರೀಕ್ಷೆ. ಅದೇ ರೀತಿ "ತಪ್ಪುಗಳನ್ನು ಕ್ಷಮಿಸು" ಎಂಬಲ್ಲಿ ಮತ್ತಾಯನ ಗ್ರೀಕಿನಲ್ಲಿರುವುದು "ಸಾಲ" ಎಂಬ ಪದ. ಸಾಲ ಎಂದರೆ ಏನೆಂದು ನಮ್ಮ ಸೀಮೆಯ ರೈತರ ಮಕ್ಕಳಿಗೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಕ್ರೈಸ್ತರ ಮೊದಲ ಶತಮಾನಗಳ ಸಭೆಯ ಒಂದು ಪದ್ಧತಿಯನ್ನೂ ಹೇಳಬೇಕು. ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರಿಗೆ ಕರ್ತನ ಪ್ರಾರ್ಥನೆಯನ್ನು ಆರಂಭದಲ್ಲೇ ಕೊಡುತ್ತಿರಲಿಲ್ಲ. ಸ್ನಾನದ ದಿನ ಹತ್ತಿರ ಬಂದಾಗ ಅದನ್ನು ಒಂದು ಆಸ್ತಿಯಂತೆ ಒಪ್ಪಿಸಿ, ಒಂದೊಂದೇ ಮಾತನ್ನು ವಿವರಿಸಿ, ಅವರು ಕಲಿತು ತಿರುಗಿ ಹೇಳುವಂತೆ ಮಾಡುತ್ತಿದ್ದರು. ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನರು ಆ ಸಂದರ್ಭಗಳಲ್ಲಿ ಕೊಟ್ಟ ಪ್ರಸಂಗಗಳು ಇಂದಿಗೂ ಉಳಿದಿವೆ. ನಮ್ಮ ಮಕ್ಕಳಿಗೆ ಅದು ಅರ್ಥಕ್ಕಿಂತ ಮುಂಚೆ ನಾಲಿಗೆಗೆ ಬಂದುಬಿಡುತ್ತದೆ. ಅದು ತಪ್ಪಲ್ಲ, ಆದರೆ ಎಂದೋ ಒಂದು ದಿನ ಅದನ್ನು ಮತ್ತೆ ಹೊಸದಾಗಿ ಕೈಗೆ ಕೊಡಬೇಕಾಗುತ್ತದೆ. ಆ ದಿನ ನಿಮ್ಮ ತರಗತಿಗೆ ಬಂದಿದೆ.

ಕಥೋಲಿಕ ಗೃಹಿಣಿ, ಮಂಗಳೂರು:

ಬೇರೆ ಸಭೆಯವಳು ನಡುವೆ ಮಾತನಾಡುತ್ತಿದ್ದೇನೆ, ಕ್ಷಮೆಯಿರಲಿ. "ಎಣಿಸಲ್ಪಡಲಿ" ಓದಿ ನಗು ಬಂತು, ಏಕೆಂದರೆ ನಮ್ಮ ಕರಾವಳಿಯ ಕನ್ನಡದಲ್ಲಿ ಎಣಿಸುವುದೆಂದರೆ ಭಾವಿಸುವುದೇ. "ನಾನು ಹಾಗೆ ಎಣಿಸಿರಲಿಲ್ಲ" ಎಂದು ಮೀನು ಮಾರುವವರೂ ಹೇಳುತ್ತಾರೆ. ಆ ಹುಡುಗಿ ಇಲ್ಲಿ ಹುಟ್ಟಿದ್ದರೆ ಪ್ರಶ್ನೆಯೇ ಏಳುತ್ತಿರಲಿಲ್ಲ.

ನಾನು ಪ್ರಾರ್ಥನೆ ಕಲಿತದ್ದು ಕೊಂಕಣಿಯಲ್ಲಿ, ಮನೆಯ ತೇರ್ಸ್‌ನಲ್ಲಿ, ಅಂದರೆ ಜಪಸರದ ಪ್ರಾರ್ಥನೆಯಲ್ಲಿ. ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಅಲ್ತಾರಿನ (ಮನೆಯ ಪ್ರಾರ್ಥನಾ ಪೀಠದ) ಮುಂದೆ ಮೊಣಕಾಲೂರಿ ಜಪಸರ ಹೇಳಬೇಕು. ಅದು ಮುಗಿಯದೆ ಊಟವಿಲ್ಲ. ಜಪಸರದ ಐದು ಭಾಗಗಳನ್ನು ರಹಸ್ಯಗಳೆನ್ನುತ್ತೇವೆ, ಅವುಗಳಲ್ಲಿ ಒಂದೊಂದನ್ನು ಒಬ್ಬೊಬ್ಬರು ಮುನ್ನಡೆಸುವುದು ರೂಢಿ. ನನಗೆ ಏಳು ವರ್ಷವಾದಾಗ ಮೂರನೆಯದನ್ನು ನನಗೆ ಕೊಟ್ಟರು. ಹತ್ತು ಮಣಿಗಳಲ್ಲಿ ಎಂಟಕ್ಕೇ ನಿಲ್ಲಿಸಿದರೂ, ಹನ್ನೆರಡಕ್ಕೆ ಹೋದರೂ ಅಜ್ಜ ಕಣ್ಣು ತೆರೆಯದೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮುಗಿದ ಮೇಲೆ ಹಿರಿಯರ ಬಳಿ ಹೋಗಿ ಬೆಸಾಂವ್ ಬೇಡಬೇಕಿತ್ತು, ಅಂದರೆ ಆಶೀರ್ವಾದ. ಅಮ್ಮನ ಕೈಯಲ್ಲಿ ಮೀನಿನ ವಾಸನೆ ಇರುತ್ತಿತ್ತು, ಅಜ್ಜನ ಕೈಯಲ್ಲಿ ನಶ್ಯದ್ದು.

ನಾನು ಹೇಳಲು ಬಂದದ್ದು ಇದು. ಆ ಮಾತುಗಳು ನನ್ನವಲ್ಲ, ಆಗ ಅವುಗಳ ಅರ್ಥವೂ ಪೂರ್ತಿ ತಿಳಿದಿರಲಿಲ್ಲ, ಬಹಳ ದಿನ ನಿದ್ದೆಗಣ್ಣಿನಲ್ಲೇ ಹೇಳಿದ್ದೇನೆ. ಆದರೂ ಮುನ್ನಡೆಸುವ ಸರದಿ ಬಂದ ದಿನದಿಂದ ನಾನು ಎಚ್ಚರವಾಗಿರಲು ಕಲಿತೆ, ಏಕೆಂದರೆ ನಾನು ಮೊದಲರ್ಧ ಹೇಳದೆ ಇಡೀ ಮನೆ ಉತ್ತರಾರ್ಧವನ್ನು ಹೇಳುವಂತಿರಲಿಲ್ಲ. ಈಗ ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತೇನೆ. ವಿವರಿಸುವುದಕ್ಕಿಂತ ಮುಂಚೆ ಸರದಿ ಕೊಡುತ್ತೇನೆ. ನಿಮ್ಮ ಮಕ್ಕಳಿಗೆ ಸ್ವಂತ ಮಾತಿನ ಪ್ರಾರ್ಥನೆ ಅಷ್ಟು ಬೇಗ ಬರಲೇಬೇಕೆಂದು ಏಕೆ ಅವಸರ? ಇತರರ ಮಾತನ್ನು ತೊಟ್ಟುಕೊಂಡೇ ಎಲ್ಲರೂ ಮಾತು ಕಲಿಯುವುದು.

ವಿಶ್ವಾಸಿ, ಬೆಂಗಳೂರು:

ಕರ್ತನಿಗೆ ಸ್ತೋತ್ರ. ಮೇಲಿನ ಅಕ್ಕನವರ ಮೇಲೆ ಗೌರವವಿಟ್ಟುಕೊಂಡೇ ನಾನು ಬೇರೆ ಅಭಿಪ್ರಾಯ ಹೇಳಬೇಕಾಗಿದೆ. ಮತ್ತಾಯ 6:7ರಲ್ಲಿ ಕರ್ತನೇ ಸುಮ್ಮಸುಮ್ಮನೆ ಮಾತು ಬೆಳೆಸಬೇಡಿರೆಂದು ಎಚ್ಚರಿಸಿದ್ದಾನೆ. ನಾನು ಬಾಲ್ಯದಲ್ಲಿ ಪುಸ್ತಕದ ಪ್ರಾರ್ಥನೆಯ ಸಭೆಯಲ್ಲಿದ್ದವನು. 22ನೆಯ ವಯಸ್ಸಿನಲ್ಲಿ ಒಂದು ಉಪವಾಸ ಕೂಟದಲ್ಲಿ ಮೊದಲ ಬಾರಿ ಬಾಯಿಬಿಟ್ಟು, ಅಳುತ್ತಾ, ನನ್ನ ಮಾತಿನಲ್ಲಿ ದೇವರೊಂದಿಗೆ ಮಾತನಾಡಿದೆ. ಆ ದಿನದವರೆಗೆ ನನಗೆ ದೇವರ ಕುರಿತು ಗೊತ್ತಿತ್ತು, ದೇವರು ಗೊತ್ತಿರಲಿಲ್ಲ. ನಮ್ಮ ಸಭೆಯಲ್ಲಿ ಎಲ್ಲರೂ ಏಕಕಾಲದಲ್ಲಿ ಗಟ್ಟಿಯಾಗಿ ಪ್ರಾರ್ಥಿಸುತ್ತೇವೆ. ಹೊರಗಿನವರಿಗೆ ಅದು ಗದ್ದಲ. ಆದರೆ ಆ ಧ್ವನಿಗಳ ನಡುವೆ ಒಬ್ಬ ಮುಜುಗರದ ಹುಡುಗನೂ ಯಾರಿಗೂ ಕೇಳಿಸದಂತೆ ತನ್ನ ಮನಸ್ಸಿನದನ್ನು ಹೇಳಿಕೊಳ್ಳಬಹುದು. ನಿಮ್ಮ ತರಗತಿಯಲ್ಲಿ ಮಕ್ಕಳು ಒಬ್ಬರಾದ ಮೇಲೊಬ್ಬರು ಪ್ರಾರ್ಥಿಸಿದ್ದರಿಂದಲೇ ಅವರು ನಿಮ್ಮ ವಾಕ್ಯಗಳ ಹಿಂದೆ ಅಡಗಿಕೊಂಡರೆಂದು ನನಗೆ ತೋರುತ್ತದೆ. ಹನ್ನೊಂದು ಜೋಡಿ ಕಿವಿಗಳು ಕಾಯುತ್ತಿರುವಾಗ ಯಾರು ತಾನೇ ಮನಸ್ಸು ಬಿಚ್ಚುತ್ತಾರೆ?

ನಮ್ಮಲ್ಲೂ ದೋಷವಿಲ್ಲವೆಂದು ಹೇಳುವುದಿಲ್ಲ. ಸ್ವಂತ ಮಾತಿನ ಪ್ರಾರ್ಥನೆಯೂ ಎರಡು ವರ್ಷಗಳಲ್ಲಿ ಬಾಯಿಪಾಠವಾಗುತ್ತದೆ. ಯಾರು ಯಾವ ಹಿರಿಯರಿಂದ ಕಲಿತರೆಂದು ಅವರ "ಅಪ್ಪಾ ತಂದೇ" ಎಂಬ ಎಳೆತದಿಂದಲೇ ಗುರುತಿಸಬಹುದು.

ಭಾನುವಾರ ಶಾಲೆಯ ಶಿಕ್ಷಕಿ, ಧಾರವಾಡ:

ಬ್ರದರ್, ನಿಮ್ಮ ಕೊನೆಯ ಸಾಲುಗಳನ್ನು ಬರೆದದ್ದಕ್ಕೆ ವಿಶೇಷ ಧನ್ಯವಾದ. ಎಲ್ಲರೂ ಒಟ್ಟಿಗೆ ಮೆಲ್ಲನೆ ಪ್ರಾರ್ಥಿಸುವುದನ್ನು ಮೂರನೆಯ ವಾರ ಪ್ರಯತ್ನಿಸಿದೆ. ಐದು ನಿಮಿಷವೆಂದು ಹೇಳಿದ್ದೆ. ಎರಡನೆಯ ನಿಮಿಷಕ್ಕೆ ಕುರ್ಚಿ ಎಳೆದಾಟ ಶುರುವಾಯಿತು. ಆದರೆ ಆ ಎರಡು ನಿಮಿಷಗಳಲ್ಲಿ ಯಾರೂ "ಸುಂದರವಾದ ವೇಳೆ" ಎನ್ನಲಿಲ್ಲವೆಂದು ಕಾಣುತ್ತದೆ. ನಾನು ಮಾತ್ರ ಕಣ್ಣು ತೆರೆದು ಅವರನ್ನೇ ನೋಡುತ್ತಿದ್ದೆ, ಅಂದರೆ ನಾನು ಪ್ರಾರ್ಥಿಸಲಿಲ್ಲ.

ಶುಶ್ರೂಷಕಿ, ಮೈಸೂರು:

ನಾನು ಕಲಿಸುವವಳಲ್ಲ. ಆದರೂ ನೀವು "ಮುಂದೆ ಹೇಳಲಾಗದೆ ಸುಮ್ಮನೆ ಕುಳಿತೆ" ಎಂದು ಬರೆದ ವಾಕ್ಯ ನನ್ನನ್ನು ಇಲ್ಲಿ ಬರೆಯಿಸುತ್ತಿದೆ.

ನಾಲ್ಕು ವರ್ಷಗಳ ಹಿಂದೆ ನನ್ನ ತಮ್ಮ ತೀರಿಕೊಂಡ. ಅದಕ್ಕೆ ಮುಂಚೆ ನಾನು ಚೆನ್ನಾಗಿ ಪ್ರಾರ್ಥಿಸುತ್ತೇನೆಂದು ಸಭೆಯಲ್ಲಿ ಹೆಸರಿತ್ತು. ಮನೆಮನೆಯ ಕೂಟಗಳಲ್ಲಿ ಕೊನೆಯ ಪ್ರಾರ್ಥನೆಗೆ ನನ್ನನ್ನೇ ಕರೆಯುತ್ತಿದ್ದರು. ಅವನು ಹೋದ ಮೇಲೆ ಎಂಟು ತಿಂಗಳು ನನಗೆ ಸ್ವಂತ ಮಾತು ಒಂದೂ ಬರಲಿಲ್ಲ. ರಾತ್ರಿ ಪಾಳಿಯಲ್ಲಿ ಒಂದು ಹೊತ್ತಿನಲ್ಲಿ ವಾರ್ಡು ನಿಶ್ಶಬ್ದವಾಗುತ್ತದೆ, ಸುಮಾರು ಮೂರು ಗಂಟೆಗೆ. ಆಗ ಔಷಧಿಯ ಟ್ರಾಲಿಯ ಬಳಿ ನಿಂತು "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಆರಂಭಿಸುತ್ತಿದ್ದೆ. ಬಹಳ ದಿನ "ನಿನ್ನ ಚಿತ್ತವು ನೆರವೇರಲಿ" ಎಂಬಲ್ಲಿಗೆ ಬಂದು ನಿಲ್ಲಿಸುತ್ತಿದ್ದೆ. ಅದನ್ನು ಹೇಳಲು ನನಗೆ ಮನಸ್ಸಿರಲಿಲ್ಲ. ನಿಲ್ಲಿಸಿ ಕೆಲಸಕ್ಕೆ ಹೋಗುತ್ತಿದ್ದೆ. ಚಿಕ್ಕಂದಿನಲ್ಲಿ ಅರ್ಥವಿಲ್ಲದೆ ಬಾಯಿಪಾಠ ಮಾಡಿಸಿದ್ದ ಸಂಡೇ ಸ್ಕೂಲ್ ಟೀಚರಮ್ಮನನ್ನು ಆಗ ನೆನೆದಷ್ಟು ನಾನು ಯಾವ ಪ್ರಸಂಗಿಯನ್ನೂ ನೆನೆದಿಲ್ಲ.

88ನೆಯ ಕೀರ್ತನೆಯನ್ನು ಆಗಲೇ ಕಂಡುಕೊಂಡೆ. ಉಳಿದ ಮೊರೆಯ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಯಲ್ಲಿ ಹೇಗೋ ಸ್ತುತಿಗೆ ತಿರುಗುತ್ತವೆ. ಅದು ತಿರುಗುವುದಿಲ್ಲ, ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅಂಥದ್ದೊಂದು ಸತ್ಯವೇದದ ಒಳಗೇ ಇದೆ ಎಂಬುದು ನನಗೆ ದೊಡ್ಡ ಆಸರೆಯಾಯಿತು. ಹೇಗೆ ಪ್ರಾರ್ಥಿಸಬೇಕೋ ನಮಗೆ ಗೊತ್ತಿಲ್ಲದಿರುವಾಗ ಪವಿತ್ರಾತ್ಮನೇ ನರಳಾಟದಿಂದ ನಮಗಾಗಿ ಬೇಡುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರದ 8:26 ಹೇಳುತ್ತದೆ. ಮಕ್ಕಳಿಗೆ ಸಂತೋಷದ ಪ್ರಾರ್ಥನೆಗಳನ್ನು ಮಾತ್ರ ಕಲಿಸಬೇಡಿ, ಇಷ್ಟೇ ನನ್ನ ಬೇಡಿಕೆ. ದೇವರ ಮೇಲೆ ಕೋಪಗೊಂಡವರ ಪ್ರಾರ್ಥನೆಯೂ ಅಲ್ಲಿದೆಯೆಂದು ಅವರಿಗೆ ಗೊತ್ತಿರಲಿ.

ನಿವೃತ್ತ ಸಭಾಪಾಲಕ, ಬಳ್ಳಾರಿ:

ಮೈಸೂರಿನ ಸಹೋದರಿಯ ಬರಹದ ನಂತರ ಸಿದ್ಧಾಂತ ಹೇಳುವುದಕ್ಕೆ ಸಂಕೋಚವಾಗುತ್ತದೆ. ಆದರೂ ಬಾಯಿಪಾಠವೋ ಸ್ವಂತ ಮಾತೋ ಎಂಬ ವಾದವು ಬೆಂಗಳೂರು ಮತ್ತು ಮಂಗಳೂರಿನವರ ನಡುವೆ ಎದ್ದಿರುವುದರಿಂದ ಇಬ್ಬರು ಹಳಬರನ್ನು ನೆನಪಿಸುತ್ತೇನೆ.

ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಮನೆಯ ಹಿರಿಯರು ಮಕ್ಕಳಿಗೆ ಕಲಿಸಲೆಂದು ಚಿಕ್ಕ ಪ್ರಶ್ನೋತ್ತರವನ್ನು ಬರೆದನು, ನಮ್ಮ ಕಡೆಯ ಹಳೆಯ ದೃಢೀಕರಣ ತರಗತಿಗಳ "ಹೀಗೆಂದರೇನು?" ಎಂಬ ಪ್ರಶ್ನೆಯ ಧಾಟಿ ಅಲ್ಲಿಯದೇ. ಆರು ವರ್ಷಗಳ ನಂತರ, 1535ರಲ್ಲಿ, ಅವನ ಕ್ಷೌರಿಕ ಪೀಟರ್ ಎಂಬವನು ಪ್ರಾರ್ಥಿಸುವುದು ಹೇಗೆಂದು ಕೇಳಿದ್ದಕ್ಕೆ ಒಂದು ಪುಟ್ಟ ಬರಹವನ್ನೇ ಬರೆದುಕೊಟ್ಟನು. ಅದರಲ್ಲಿ ಅವನು ಹೇಳುವ ಉಪಾಯ ಸರಳವಾಗಿದೆ. ಕರ್ತನ ಪ್ರಾರ್ಥನೆಯ ಒಂದೊಂದು ಬೇಡಿಕೆಯನ್ನೂ ತೆಗೆದುಕೊಂಡು ತನ್ನ ಮಾತಿನಲ್ಲಿ ಬೆಳೆಸಬೇಕು. ಹತ್ತು ಆಜ್ಞೆಗಳಲ್ಲಾದರೆ ಪ್ರತಿಯೊಂದನ್ನೂ ನಾಲ್ಕು ಎಳೆಗಳ ಮಾಲೆಯಾಗಿ ಹೆಣೆಯಬೇಕು: ಇದು ನನಗೇನು ಕಲಿಸುತ್ತದೆ, ಇದಕ್ಕಾಗಿ ನಾನು ಹೇಗೆ ಕೃತಜ್ಞನು, ಇದರಲ್ಲಿ ನಾನು ಎಲ್ಲಿ ತಪ್ಪಿದೆ, ಇದಕ್ಕಾಗಿ ಏನು ಬೇಡಲಿ. ನಡುವೆ ಮನಸ್ಸು ಒಂದೇ ಮಾತಿನಲ್ಲಿ ನೆಟ್ಟುಬಿಟ್ಟರೆ ಉಳಿದವನ್ನು ಬಿಟ್ಟು ಅಲ್ಲೇ ಇರಬೇಕು. ಕ್ಷೌರಿಕನಿಗೆ ಅವನ ಕಸುಬಿನದೇ ಹೋಲಿಕೆ ಕೊಡುತ್ತಾನೆ: ಕತ್ತಿ ಕೈಯಲ್ಲಿದ್ದಾಗ ಮಾತಿನಲ್ಲಿ ಮೈಮರೆತರೆ ಗಿರಾಕಿಯ ಮೂಗೋ ಗಂಟಲೋ ಹೋದೀತು. ತಾನು ಇಂದಿಗೂ ಮಗುವಿನಂತೆ ಕರ್ತನ ಪ್ರಾರ್ಥನೆಯ ಹಾಲನ್ನೇ ಕುಡಿಯುತ್ತಿದ್ದೇನೆಂದು ಅಲ್ಲೇ ಒಪ್ಪಿಕೊಳ್ಳುತ್ತಾನೆ. ಬಾಯಿಪಾಠವು ಸ್ವಂತ ಮಾತಿಗೆ ಹಂದರವಾಯಿತೇ ಹೊರತು ಶತ್ರುವಾಗಲಿಲ್ಲ. (ಆ ಪೀಟರ್ ಅದೇ ವರ್ಷ ಊಟದ ಹೊತ್ತಿನಲ್ಲಿ ಅಳಿಯನನ್ನು ಇರಿದು ಕೊಂದು ಊರು ಬಿಡಬೇಕಾಯಿತೆಂಬುದೂ ಚರಿತ್ರೆಯೇ. ಪ್ರಾರ್ಥನೆಯ ವಿಧಾನ ತಿಳಿದವನು ಪ್ರಾರ್ಥಿಸಿದನೆಂದೇ ಅರ್ಥವಲ್ಲ.)

ಇನ್ನೊಬ್ಬರು ಅಗಸ್ಟೀನರು. 410ರಲ್ಲಿ ರೋಮ್ ಸೂರೆಗೊಂಡಾಗ ಆಫ್ರಿಕಕ್ಕೆ ಬಂದ ಪ್ರೋಬಾ ಎಂಬ ವಿಧವೆ ಅವರಿಗೆ ಇದೇ ಪ್ರಶ್ನೆಯನ್ನು ಕೇಳಿದ್ದಳು. ನಾವು ಬೇರೆ ಯಾವ ಮಾತಿನಲ್ಲಿ ಬೇಡಿಕೊಂಡರೂ, ಸರಿಯಾಗಿ ಬೇಡಿದ್ದಾದರೆ ಕರ್ತನ ಪ್ರಾರ್ಥನೆಯಲ್ಲಿ ಇಲ್ಲದ್ದೇನನ್ನೂ ಹೇಳಿರುವುದಿಲ್ಲವೆಂಬುದು ಅವರ ಉತ್ತರದ ಸಾರ. ಐಗುಪ್ತದ (ಈಜಿಪ್ಟಿನ) ಸನ್ಯಾಸಿ ಸಹೋದರರು ಬಾಣ ಬಿಟ್ಟಂತೆ ಬಹಳ ಚಿಕ್ಕ ಪ್ರಾರ್ಥನೆಗಳನ್ನು ಪದೇಪದೇ ಮಾಡುತ್ತಾರೆ, ದೀರ್ಘವಾದರೆ ಮನಸ್ಸಿನ ಎಚ್ಚರ ಮಂದವಾದೀತೆಂಬ ಅಂಜಿಕೆಯಿಂದ, ಎಂದೂ ಅದೇ ಪತ್ರದಲ್ಲಿ ಬರೆಯುತ್ತಾರೆ. ಎರಡು ನಿಮಿಷಕ್ಕೆ ಕುರ್ಚಿ ಎಳೆಯುವ ಮಕ್ಕಳಿಗೆ ಇದು ಹೇಳಿ ಮಾಡಿಸಿದ ಮಾತು.

ಬೆಂಗಳೂರಿನ ಸಹೋದರರಿಗೆ ಒಂದು ವಿನಂತಿ: ಮತ್ತಾಯ 6:7ರ ಎಚ್ಚರಿಕೆಯಾದ ಎರಡೇ ವಚನಗಳಲ್ಲಿ ಕರ್ತನು ಪ್ರಾರ್ಥನೆಯ ಮಾತುಗಳನ್ನೇ ಕೊಡುತ್ತಾನೆ. ಎರಡನ್ನೂ ಒಟ್ಟಿಗೆ ಓದೋಣ.

ಸಾಫ್ಟ್‌ವೇರ್ ಉದ್ಯೋಗಿ, ಹುಬ್ಬಳ್ಳಿ:

ಒಂದು ಕಹಿ ಅನುಭವವನ್ನು ಹೇಳದೆ ಇರಲಾರೆ. ನನಗೆ ಉಗ್ಗು ಇದೆ. ಹದಿಮೂರನೆಯ ವಯಸ್ಸಿನಲ್ಲಿ ಒಂದು ಬೇಸಿಗೆ ಶಿಬಿರದಲ್ಲಿ ಎಲ್ಲರ ಮುಂದೆ ಪ್ರಾರ್ಥಿಸಲು ನಿಲ್ಲಿಸಿದರು. "ಕ" ಎಂಬ ಅಕ್ಷರದ ಮೇಲೆಯೇ ನಿಂತುಬಿಟ್ಟೆ. "ಕರ್ತನೇ" ಎಂಬುದು ಹೊರಗೆ ಬರಲೇ ಇಲ್ಲ. ನಡೆಸುತ್ತಿದ್ದವರು ನಂಬಿಕೆಯ ಕೊರತೆಯಿಂದ ಹೀಗಾಗುತ್ತದೆಂದು ಮೈಕಿನಲ್ಲೇ ಹೇಳಿದರು. ಹತ್ತು ವರ್ಷ ನಾನು ಯಾವ ಕೂಟಕ್ಕೂ ಹೋಗಲಿಲ್ಲ. ಹಿಂತಿರುಗಿದ್ದು ಒಬ್ಬ ಗೆಳೆಯನಿಂದ. ಅವನು ತನ್ನ ಪ್ರಾರ್ಥನೆಗಳನ್ನು ಒಂದು ಬರೆವಣಿಗೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದ, ನನಗೂ ಒಂದು ಪುಸ್ತಕ ತಂದುಕೊಟ್ಟ. ಬರೆಯುವಾಗ ನಾನು ಉಗ್ಗುವುದಿಲ್ಲ. ಸತ್ಯವೇದದಲ್ಲಿ ಮಗುವಿಗಾಗಿ ಬೇಡಿಕೊಂಡ ಹನ್ನಳ ತುಟಿ ಮಾತ್ರ ಅಲ್ಲಾಡಿತು, ಧ್ವನಿ ಕೇಳಿಸಲಿಲ್ಲ, ಯಾಜಕ ಏಲಿ ಅವಳನ್ನು ಕುಡಿದವಳೆಂದುಕೊಂಡ. ಟೀಚರ್, ನಿಮ್ಮ ತರಗತಿಯಲ್ಲಿ ಬಾಯಿಬಿಡದ ಮಕ್ಕಳಿದ್ದರೆ ದಯವಿಟ್ಟು ಅವರನ್ನು ಬಲವಂತ ಮಾಡಬೇಡಿ.

ನಿವೃತ್ತ ಸಭಾಪಾಲಕ, ಬಳ್ಳಾರಿ:

ತಮ್ಮಾ, ಆ ಮೈಕಿನ ಮಾತಿಗಾಗಿ ಒಬ್ಬ ಸಭಾಪಾಲಕನಾಗಿ ನಾನು ನಿಮ್ಮ ಕ್ಷಮೆ ಕೇಳುತ್ತೇನೆ. ಏಲಿಯ ಕಥೆಯ ಮುಂದಿನ ಭಾಗವನ್ನೂ ನೋಡಿ: ತಾಯಿಯ ಪ್ರಾರ್ಥನೆಯನ್ನು ಗುರುತಿಸದೆ ಹೋದ ಆ ಮುದುಕನೇ ಎರಡು ಅಧ್ಯಾಯಗಳಾದ ಮೇಲೆ ಮಗ ಸಮುವೇಲನಿಗೆ ದೇವರ ಧ್ವನಿಗೆ ಉತ್ತರಿಸುವುದನ್ನು ಕಲಿಸುತ್ತಾನೆ. ದೇವರು ಹುಡುಗನನ್ನು ಮೂರನೆಯ ಸಲ ಕರೆದಾಗಲೇ ಅವನಿಗೂ ವಿಷಯ ಹೊಳೆದದ್ದು.

ತಂದೆ, ಇಬ್ಬರು ಮಕ್ಕಳು, ಮಸ್ಕತ್:

ನಮ್ಮ ಕಷ್ಟ ಇನ್ನೊಂದು ಬಗೆಯದು. ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಮುಕ್ಕಾಲು ಇಂಗ್ಲಿಷ್. ಕನ್ನಡ ಪ್ರಾರ್ಥನೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಅರ್ಥವಾಗದ ಭಾಷೆಯಲ್ಲಿ ಹೇಳಿಸುವುದು ಸರಿಯೇ ಎಂದು ಹೆಂಡತಿ ಕೇಳುತ್ತಾಳೆ. ಕೇಳುವವನಿಗೆ ತಿಳಿಯದಿದ್ದರೆ ಅವನು ಆಮೆನ್ ಹೇಗೆ ಹೇಳಿಯಾನೆಂದು ಪೌಲನೇ 1 ಕೊರಿಂಥ 14:16ರಲ್ಲಿ ಕೇಳಿದ್ದಾನೆ. ಅವಳ ಮಾತು ಸರಿ. ಆದರೂ ಶುಕ್ರವಾರ ರಾತ್ರಿ ಊರಿನ ಅವ್ವನಿಗೆ ವಿಡಿಯೋ ಕರೆ ಮಾಡಿದಾಗ ಅವಳೊಂದಿಗೆ ಅದನ್ನು ಹೇಳುವುದಕ್ಕಾದರೂ ಅವರಿಗೆ ಅದು ಬರಬೇಕು. ಇಲ್ಲಿಯ ಚರ್ಚೆ ಓದಿದ ಮೇಲೆ ವಾರಕ್ಕೊಂದೇ ಸಾಲನ್ನು ಅವ್ವನಿಂದಲೇ ವಿವರಿಸಿಸುವುದೆಂದು ತೀರ್ಮಾನಿಸಿದ್ದೇವೆ. ಮೊದಲ ವಾರವೇ ಚಿಕ್ಕವಳ ಪ್ರಶ್ನೆ: ಅವ್ವನನ್ನು ನೀವು ಎನ್ನಬೇಕು, ದೇವರನ್ನು ಮಾತ್ರ ನೀನು ಎನ್ನಬಹುದೇ?

ಕಥೋಲಿಕ ಗೃಹಿಣಿ, ಮಂಗಳೂರು:

ಇದು ನಮ್ಮ ಮನೆಯ ಹಳೆಯ ವ್ಯಾಜ್ಯ! ನಮ್ಮ ಕನ್ನಡ ಪೂಜೆಯಲ್ಲಿ "ನಿಮ್ಮ ನಾಮ", "ನಿಮ್ಮ ರಾಜ್ಯ" ಎಂದು ಬಹುವಚನವಿದೆ. ನಿಮ್ಮ ಸತ್ಯವೇದದಲ್ಲಿ "ನಿನ್ನ". ಅದೇ ನಾವು ಕೊಂಕಣಿಯಲ್ಲಿ "ಆಮ್ಚ್ಯಾ ಬಾಪಾ" ಎಂದು ಆರಂಭಿಸಿದರೆ ಮುಂದೆ "ತುಜೆಂ ನಾಂವ್", ಅಂದರೆ ಏಕವಚನ. ಬೆಳಿಗ್ಗೆ ಕನ್ನಡ ಪೂಜೆಯಲ್ಲಿ ನೀವು ಆಗಿದ್ದ ದೇವರು ಸಂಜೆ ಮನೆಗೆ ಬಂದಾಗ ನೀನು ಆಗುತ್ತಾನೆ. ನನಗಂತೂ ಎರಡೂ ಬೇಕು. ಪೂಜೆಯಲ್ಲಿ ತಲೆಬಾಗುತ್ತೇನೆ, ಅಡುಗೆಮನೆಯಲ್ಲಿ ಜಗಳವಾಡುತ್ತೇನೆ.

ವಿಶ್ವಾಸಿ, ಬೆಂಗಳೂರು:

ಏಕವಚನವನ್ನೇ ಉಳಿಸಿಕೊಳ್ಳಿ ಬ್ರದರ್. ವಚನಕಾರರೂ ದಾಸರೂ ದೇವರನ್ನು ನೀನು ಎಂದೇ ಕರೆದರು. ಕನ್ನಡದಲ್ಲಿ ಅದು ಅಗೌರವವಲ್ಲ, ಸಲಿಗೆ. ಮತ್ತು ಮಂಗಳೂರಿನ ಅಕ್ಕನವರೇ, ಅಡುಗೆಮನೆಯ ಜಗಳದ ವಿಷಯದಲ್ಲಿ ನಾವು ನೀವು ಒಂದೇ ಸಭೆಯವರೆಂದು ಕಾಣುತ್ತದೆ.

ಭಾನುವಾರ ಶಾಲೆಯ ಶಿಕ್ಷಕಿ, ಧಾರವಾಡ:

ಇಷ್ಟು ಜನ ಇಷ್ಟು ಅಕ್ಕರೆಯಿಂದ ಬರೆದಿದ್ದೀರಿ. ಏನೇನಾಯಿತೆಂದು ತಿಳಿಸುತ್ತೇನೆ.

"ಸುಂದರವಾದ ವೇಳೆ"ಯನ್ನು ತರಗತಿಯಲ್ಲಿ ನಿಲ್ಲಿಸಿದ್ದೇನೆ. ಪ್ರತಿವಾರ ಕರ್ತನ ಪ್ರಾರ್ಥನೆಯ ಒಂದೇ ಸಾಲನ್ನು ತೆಗೆದುಕೊಳ್ಳುತ್ತೇವೆ. ನಾಲ್ಕು ಎಳೆಯ ಮಾಲೆಯನ್ನು ಹೂ ಕಟ್ಟುವ ನಾರಿನಲ್ಲೇ ಮಾಡಿ ತೋರಿಸಿದೆ. ಬಾಯಿಬಿಡಲು ಇಷ್ಟವಿಲ್ಲದವರು ಚೀಟಿಯಲ್ಲಿ ಬರೆದು ಮಡಚಿ ಸತ್ಯವೇದದೊಳಗೆ ಇಟ್ಟುಕೊಳ್ಳಬಹುದು, ಯಾರೂ ಬಿಚ್ಚಿ ನೋಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಸರದಿಯನ್ನೂ ಕೊಡುತ್ತೇನೆ: ವಾರಕ್ಕೊಬ್ಬರು ಆ ಸಾಲನ್ನು ಉಳಿದವರಿಗೆ ವಿವರಿಸಬೇಕು. ಶೋಧನೆಯ ಪೊಲೀಸರನ್ನು ಕಂಡ ಹುಡುಗನೇ ಆ ಸಾಲನ್ನು ಬೇಡಿ ತೆಗೆದುಕೊಂಡಿದ್ದಾನೆ. ನನಗೂ ಒಂದು ನಿಯಮ ಹಾಕಿಕೊಂಡಿದ್ದೇನೆ. ಮಕ್ಕಳ ಮುಂದೆ ಪ್ರಾರ್ಥಿಸುವಾಗ ಆ ದಿನ ನನಗೆ ನಿಜವಾಗಿ ಬೇಕಾಗಿರುವ ಒಂದನ್ನಾದರೂ ಕೇಳಬೇಕು. ಹೋದ ವಾರ, ಮನೆಯವರೊಂದಿಗೆ ಮಾತು ಬಿಟ್ಟು ಎರಡು ದಿನವಾಯಿತು, ಮೊದಲು ಮಾತನಾಡುವ ಧೈರ್ಯ ನನಗೆ ಕೊಡು ಎಂದೆ. ಕಣ್ಣು ತೆರೆದಾಗ ಹನ್ನೆರಡು ಮಕ್ಕಳೂ ನನ್ನನ್ನೇ ನೋಡುತ್ತಿದ್ದರು. ಅಂದು ಅವರು ನನ್ನ ವಾಕ್ಯಗಳನ್ನು ಹೇಳಲಿಲ್ಲ.

ಬಳ್ಳಾರಿಯ ಅಯ್ಯನವರು ಹೇಳಿದಂತೆ ಮೊಣಕಾಲಿನ ಹುಡುಗನ ಅಜ್ಜಿಯನ್ನು ನೋಡಿಕೊಂಡು ಬಂದೆ. ವಯಸ್ಸು ಎಪ್ಪತ್ತು ದಾಟಿದೆ, ಓದು ಬರಹ ಬಾರದು. ಬೆಳಗಿನ ಐದಕ್ಕೆ ಎದ್ದು, ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವವರೆಗೆ ಪ್ರಾರ್ಥಿಸುತ್ತಾರೆ. ಹಾಲು ಉಕ್ಕಿದರೆ ಆಮೆನ್. ಓಣಿಯ ಮನೆಗಳನ್ನು ಒಂದು ತುದಿಯಿಂದ ಹೆಸರು ಹಿಡಿದು ಹೇಳುತ್ತಾ ಬರುತ್ತಾರೆ. ಎಲ್ಲಿ ನಿಂತಿತೋ ಮರುದಿನ ಅಲ್ಲಿಂದ ಮುಂದಕ್ಕೆ. ಮೊಮ್ಮಗ ಅದೇ ಅಡುಗೆಮನೆಯ ಮೂಲೆಯಲ್ಲಿ ಮಲಗುತ್ತಾನೆ.

ಅವರು ಕರ್ತನ ಪ್ರಾರ್ಥನೆಯನ್ನು ಕಲಿತದ್ದು ಮದುವೆಯಾಗಿ ಬಂದ ಮೇಲೆ, ಅತ್ತೆಯ ಬಾಯಿಂದ ಕೇಳಿ. ಮೊಮ್ಮಗ ಅವರಿಗೆ "ಎಣಿಸಲ್ಪಡಲಿ"ಯ ಅರ್ಥವನ್ನು ಆಗಲೇ ಹೇಳಿಕೊಟ್ಟಿದ್ದ. ಲೆಕ್ಕ ಹಾಕುವುದಲ್ಲ ಅಜ್ಜಿ, ಭಾವಿಸುವುದು ಎಂದು ತಿದ್ದಿದ್ದ. ಅವರು ಇಷ್ಟು ವರ್ಷ ಏನೆಂದುಕೊಂಡಿದ್ದರೆಂದು ಕೇಳಿದೆ. ದೇವರು ಮಾಡಿದ ಒಳ್ಳೆಯದನ್ನೆಲ್ಲ ಅಲ್ಲಿ ಎಣಿಸಬೇಕೆಂದು ತಿಳಿದಿದ್ದರಂತೆ; ಆದ್ದರಿಂದ ದಿನವೂ ಆ ಮಾತಿಗೆ ಬಂದಾಗ ಸ್ವಲ್ಪ ನಿಂತು ಬೆರಳು ಮಡಿಸುತ್ತಾರೆ. ಈಗ ಅರ್ಥ ಬೇರೆಯೆಂದು ತಿಳಿಯಿತಲ್ಲ, ಬಿಡುತ್ತೀರಾ ಎಂದದ್ದಕ್ಕೆ, "ಯಾಕ ಬಿಡ್ಲಿ ತಂಗಿ? ಎಣಿಸೂದು ಇನ್ನೂ ಮುಗದಿಲ್ಲಲ್ಲ" ಎಂದರು. ಮರುದಿನ ಬೆಳಿಗ್ಗೆ ನಾನೂ ಹಾಲಿಟ್ಟುಕೊಂಡು ನಿಂತೆ. ನನ್ನದು ಮೂರನೆಯ ಬೆರಳಿಗೇ ಉಕ್ಕಿತು.

ಬರುವ ಭಾನುವಾರ "ನಮ್ಮ ಅನುದಿನದ ಆಹಾರ"ದ ಸಾಲಿಗೆ ಬರುತ್ತೇವೆ. ಅಜ್ಜಿ ಹನ್ನೆರಡು ಮಕ್ಕಳಿಗೂ ಜೋಳದ ರೊಟ್ಟಿ ಮಾಡಿಕೊಡುತ್ತೇನೆಂದಿದ್ದಾರೆ. ರೊಟ್ಟಿ ಹಂಚುವುದು ಪ್ರಾರ್ಥನೆಗೆ ಮುಂಚೆಯೋ ನಂತರವೋ, ಕಲಿಸಿದವರು ಯಾರಾದರೂ ಇದ್ದರೆ ಶನಿವಾರದೊಳಗೆ ತಿಳಿಸಿ.